ಅಳಿದ ಧರ್ಮಕ್ಕೆ ಮರುಹುಟ್ಟು ಉಂಟೆ? ಮಸ್ಕಿಯ ಬಂಡೆಯ ಸುತ್ತ ಒಂದು ಸಮೀಕ್ಷೆ

ಮುದಗಲ್ಲಿನ ಮೊಹರಂ ನಮ್ಮ ರಾಯಚೂರು ಸೀಮೆಗೆಲ್ಲ ಹೆಸರಾದ ಹಬ್ಬ. ಹುಸೇನಿ ಆಲಂ ದರ್ಗಾಕ್ಕೆ ನಡೆದುಕೊಳ್ಳುವ ಒಕ್ಕಲಲ್ಲಿ ಎಲ್ಲ ಜಾತಿಯವರಿದ್ದಾರೆ. ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಅದೇ ಊರಿನಲ್ಲಿ, 16ನೆಯ ಶತಮಾನದಲ್ಲಿ ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳ ಕಾಲದ್ದೆಂದು ಹೇಳುವ ಕ್ರೈಸ್ತರ ನೆಲೆಯೂ ಇದೆ. ಇವೆರಡೂ ಹೊರಗಿನಿಂದ ಬಂದ ನಂಬಿಕೆಗಳು. ಬಂದ ಮೇಲೆ ಇಲ್ಲಿಯ ಮಣ್ಣಿಗೆ ಹೊಂದಿಕೊಂಡು, ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ದಾಟಿಕೊಂಡು ಇಂದಿಗೂ ನಡೆದಿವೆ.

ಲಿಂಗಸುಗೂರು ದಾಟಿ ಮಸ್ಕಿಗೆ ಬಂದರೆ ಕಥೆ ಬೇರೆ. ಅಲ್ಲಿ ದುರುಗದ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳಿವೆ. ಆ ಅಕ್ಷರಗಳನ್ನು ಕೊರೆಸಿದ ಅರಸ ಬುದ್ಧನ ಒಕ್ಕಲು. ಆದರೆ ಆ ಬಂಡೆಯ ನೆರಳಲ್ಲೇ ಹುಟ್ಟಿ ಬೆಳೆದ ತಲೆಮಾರುಗಳಿಗೆ ಬುದ್ಧನ ಹೆಸರೂ ಗೊತ್ತಿರಲಿಲ್ಲ, ಅರಸನ ಹೆಸರೂ ಗೊತ್ತಿರಲಿಲ್ಲ. ನಂಬಿಕೆಯ ಎಳೆ ಎಂದೋ ಕಡಿದುಹೋಗಿತ್ತು. ಕಳೆದ ನೂರಿಪ್ಪತ್ತು ವರ್ಷಗಳಿಂದ ಕನ್ನಡ ನಾಡಿನ ಬೇರೆ ಬೇರೆ ಮೂಲೆಗಳಲ್ಲಿ ಆ ಎಳೆಯನ್ನು ಮತ್ತೆ ಹೊಸೆಯುವ ಕೆಲಸ ನಡೆದಿದೆ. ಹೀಗೆ ಕಡಿದ ಧರ್ಮ ನಿಜಕ್ಕೂ ಮರಳಿ ಬರಬಲ್ಲುದೆ, ಬಂದದ್ದು ಹಳೆಯದೋ ಹೊಸದೋ, ಅದು ಯಾರಿಗೆ ಬೇಕು ಎನ್ನುವ ಪ್ರಶ್ನೆಗಳು ನಮ್ಮವು ಮಾತ್ರವಲ್ಲ. ಯುರೋಪು, ಅಮೆರಿಕಗಳಲ್ಲೂ ಅರ್ಧ ಶತಮಾನದಿಂದ ಈ ಪ್ರಶ್ನೆಗಳ ಸುತ್ತ ಜಗ್ಗಾಟ ನಡೆದಿದೆ. ಅದರಲ್ಲಿ ನಮ್ಮ ಪ್ರಶ್ನೆಗೆ ಬೆಳಕು ಕೊಡುವಂಥದು ಇಂಗ್ಲೆಂಡಿನ ಹಳೆಯ ಆಂಗ್ಲೋ ಸ್ಯಾಕ್ಸನ್ ಧರ್ಮವನ್ನು ಮತ್ತೆ ಕಟ್ಟುವ ಪ್ರಯತ್ನ. ಮೊದಲು ಅದನ್ನು ನೋಡಿ ಮಸ್ಕಿಗೆ ಬರುವುದು ಒಳ್ಳೆಯದು.

597ರಲ್ಲಿ ಪೋಪ್ ಗ್ರೆಗೊರಿ ಕಳಿಸಿದ ಆಗಸ್ಟಿನ್ ಎಂಬ ಸನ್ಯಾಸಿ ಕೆಂಟ್ ರಾಜ್ಯಕ್ಕೆ ಬಂದಿಳಿದ. ಮುಂದಿನ ತೊಂಬತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಅರಸು ಮನೆತನಗಳೆಲ್ಲ ಒಂದೊಂದಾಗಿ ಕ್ರೈಸ್ತವಾದವು. ಹಳೆಯ ದೇವರುಗಳನ್ನು ಬಿಡದೆ ನಿಂತ ದೊಡ್ಡ ಅರಸ ಮರ್ಸಿಯಾದ ಪೆಂಡ. ಅವನು 655ರಲ್ಲಿ ಕಾಳಗದಲ್ಲಿ ಬಿದ್ದ. ಕೊನೆಗೆ ಉಳಿದದ್ದು ವೈಟ್ ದ್ವೀಪ. 686ರಲ್ಲಿ ಅದರ ಅರಸನನ್ನು ಕೊಂದ ಮೇಲೆ ಹಳೆಯ ಧರ್ಮಕ್ಕೆ ಆಸರೆಯಾಗುವ ಗದ್ದುಗೆಯೇ ಇಲ್ಲವಾಯಿತು. 601ರಲ್ಲಿ ಗ್ರೆಗೊರಿ ಬರೆದ ಒಂದು ಪತ್ರದಲ್ಲಿ ಈ ಬದಲಾವಣೆಯ ಉಪಾಯವೇ ಇದೆ: ಗುಡಿಗಳನ್ನು ಕೆಡವಬೇಡಿ, ಮೂರ್ತಿಗಳನ್ನಷ್ಟೇ ತೆಗೆಯಿರಿ, ಎತ್ತು ಕಡಿಯುವ ಹಬ್ಬವನ್ನು ನಿಲ್ಲಿಸಬೇಡಿ, ಅದನ್ನು ಸಂತರ ಹೆಸರಿನ ಊಟವಾಗಿ ಮಾಡಿ. ಜನ ಹಳೆಯ ಜಾಗಕ್ಕೇ ಬರುತ್ತಾರೆ, ಹೊಸ ದೇವರಿಗೆ ಕೈಮುಗಿಯುತ್ತಾರೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಲಿಲ್ಲ.

ಹಾಗಾದರೆ ಆ ಹಳೆಯ ಧರ್ಮದ್ದೆಂದು ಇಂದು ಉಳಿದದ್ದೇನು? ಬಹಳ ಕಡಿಮೆ. ವೋಡೆನ್, ಥೂನೊರ್, ಟಿವ್, ಫ್ರಿಗ್ ಎಂಬ ದೇವತೆಗಳು ಇಂಗ್ಲಿಷ್ ವಾರದ ಹೆಸರುಗಳಲ್ಲೂ ಕೆಲವು ಊರುಗಳ ಹೆಸರುಗಳಲ್ಲೂ ಉಳಿದರು. ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆಯ ಮೇಲೆ ಬರೆದ ಪುಸ್ತಕದ ಒಂದು ಅಧ್ಯಾಯದಲ್ಲಿ ಹಳೆಯ ತಿಂಗಳುಗಳ ಹೆಸರು, ನಡುಚಳಿಯ ಅಮ್ಮಂದಿರ ರಾತ್ರಿ, ನವೆಂಬರಿನ ಬಲಿಯ ತಿಂಗಳು ಮುಂತಾದ ನಾಲ್ಕಾರು ವಿಷಯ ಹೇಳಿದ. 1939ರಲ್ಲಿ ಸಟನ್ ಹೂ ಎಂಬಲ್ಲಿ ಅಗೆದಾಗ ಅರಸನೊಬ್ಬನ ಹಡಗಿನ ಸಮಾಧಿ ಸಿಕ್ಕಿತು. ಗಿಡಮೂಲಿಕೆಯ ಒಂದು ಮಂತ್ರದಲ್ಲಿ ವೋಡೆನನ ಹೆಸರು ಬರುತ್ತದೆ. ಆ ಧರ್ಮದವರು ತಾವಾಗಿ ಬರೆದಿಟ್ಟ ಶಾಸ್ತ್ರವಿಲ್ಲ, ಪೂಜಾವಿಧಿಯಿಲ್ಲ, ದೇವರ ಕಥೆಗಳ ಗ್ರಂಥವಿಲ್ಲ. ಹೇಳಿದವರೆಲ್ಲ ಆ ಧರ್ಮವನ್ನು ಬಿಟ್ಟವರು ಅಥವಾ ಬಿಡಿಸಿದವರು.

ಇಷ್ಟು ಸ್ವಲ್ಪ ಬಂಡವಾಳದ ಮೇಲೆ 1976ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನಿನಲ್ಲಿ ಗಾರ್ಮನ್ ಲಾರ್ಡ್ ಎಂಬಾತ ಥಿಯೊಡಿಸಂ ಎಂಬ ಪಂಥವನ್ನು ಆರಂಭಿಸಿದ. ಆಂಗ್ಲೋ ಸ್ಯಾಕ್ಸನ್ನರ ದೇವರನ್ನಷ್ಟೇ ತಂದರೆ ಸಾಲದು, ಅವರ ಸಮಾಜದ ಕಟ್ಟನ್ನೂ ಒಡೆಯ ಒಕ್ಕಲುಗಳ ಆಣೆ ಭಾಷೆಗಳನ್ನೂ ತರಬೇಕೆಂಬುದು ಅವನ ನಿಲುವು. ಈಗ ಅದೇ ಆಸಕ್ತಿಯ ಇನ್ನೂ ಸಡಿಲವಾದ ಗುಂಪುಗಳು ಫಿರ್ನ್‌ಸಿದು ಎಂಬ ಹೆಸರಿನಲ್ಲಿ ಇವೆ. ಅವರ ನಂಬಿಕೆಯ ಸಾರ ಹೀಗೆ: ದೇವರು ಹಲವರು. ಮನುಷ್ಯರಿಗೂ ದೇವರಿಗೂ ಇರುವುದು ಕೊಡು ಕೊಳ್ಳುವ ನಂಟು. ಕೊಟ್ಟದ್ದಕ್ಕೆ ಮರಳಿ ಕೊಡುವುದೇ ಪೂಜೆ. ಸತ್ತ ಹಿರಿಯರು, ನೆಲದ ಮೇಲಿನ ಕಾಣದ ಜೀವಗಳು ಇವರಿಗೂ ಪಾಲು ಸಲ್ಲಬೇಕು. ಹಿಂದಿನವರು ಮಾಡಿದ್ದೆಲ್ಲ ಸೇರಿ ಇಂದಿನವರ ಬಾಳನ್ನು ನೇಯುತ್ತದೆ. ಆ ನೇಯ್ಗೆಗೆ ಅವರು ವಿರ್ಡ್ ಎನ್ನುತ್ತಾರೆ. ಸತ್ತ ಮೇಲೆ ಏನು ಎಂಬುದರಲ್ಲಿ ಅವರಲ್ಲಿ ಒಮ್ಮತವಿಲ್ಲ. ಹಬ್ಬದಲ್ಲಿ ಕೂಡಿ ಕೂತು, ಪಾನಪಾತ್ರೆ ಕೈಯಿಂದ ಕೈಗೆ ದಾಟುತ್ತ, ದೇವರನ್ನು ಹಿರಿಯರನ್ನು ನೆನೆದು ಭಾಷೆ ಕೊಡುವುದು ಅವರ ಮುಖ್ಯ ಆಚರಣೆ.

ಅವರು ನೆಚ್ಚುವ ಹಳೆಯ ಸಾಮಗ್ರಿಯಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಹೊಲದ ಒಂದು ವಿಧಿ. ಸುಮಾರು ಹನ್ನೊಂದನೆಯ ಶತಮಾನದ ಹಸ್ತಪ್ರತಿಯಲ್ಲಿ ಅದು ಸಿಕ್ಕಿದೆ. ಬೆಳೆ ಕೊಡದ ಹೊಲದ ನಾಲ್ಕು ಮೂಲೆಯಿಂದ ಬೆಳಕು ಹರಿಯುವ ಮುಂಚೆ ನಾಲ್ಕು ಹುಲ್ಲಿನ ಹೆಂಟೆ ತೆಗೆಯಬೇಕು. ಎಣ್ಣೆ, ಜೇನು, ಹಾಲು ಹನಿಸಬೇಕು. ಅವನ್ನು ಚರ್ಚಿಗೆ ಒಯ್ದು ಪಾದ್ರಿಯಿಂದ ಪ್ರಾರ್ಥನೆ ಮಾಡಿಸಿ ಹೊತ್ತು ಮುಳುಗುವುದರೊಳಗೆ ಮತ್ತೆ ಹೊಲಕ್ಕೆ ಸೇರಿಸಬೇಕು. ಆಮೇಲೆ ಭೂಮಿತಾಯಿಯನ್ನು ಕರೆದು, ಎಲ್ಲ ಬಗೆಯ ಹಿಟ್ಟು ಕೂಡಿಸಿ ಸುಟ್ಟ ರೊಟ್ಟಿಯನ್ನು ಮೊದಲ ಸಾಲಿನಲ್ಲಿ ಇಡಬೇಕು. ಎಳ್ಳಮಾವಾಸ್ಯೆಯ ದಿನ ನಮ್ಮ ಎರೆ ಹೊಲಗಳಲ್ಲಿ ಐದು ಕಲ್ಲು ಕೂಡಿಸಿ, ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಕಡುಬು ಎಡೆಮಾಡಿ, ಚರಗ ಚೆಲ್ಲಿ ಬರುವ ಯಾವ ರೈತನಿಗೂ ಇದು ಪರಕೀಯವೆನಿಸದು. ವ್ಯತ್ಯಾಸವಿಷ್ಟೆ: ಮುದಗಲ್ಲಿನ ರೈತ ಚರಗ ಚೆಲ್ಲುವುದನ್ನು ಯಾವ ಪುಸ್ತಕದಿಂದಲೂ ಕಲಿಯಬೇಕಿಲ್ಲ. ಇಂಗ್ಲಿಷಿನವನು ಅದನ್ನು ಹಸ್ತಪ್ರತಿಯ ಮುದ್ರಿತ ಆವೃತ್ತಿಯಲ್ಲಿ ಓದಿ, ಹಳೆಯ ಇಂಗ್ಲಿಷನ್ನು ಕಲಿತು, ಕ್ರೈಸ್ತ ಭಾಗ ಯಾವುದು ಅದಕ್ಕೂ ಹಿಂದಿನದು ಯಾವುದು ಎಂದು ಬೇರ್ಪಡಿಸಿ, ಆಮೇಲೆ ಮನೆಯ ಹಿತ್ತಲಲ್ಲಿ ಮಾಡಬೇಕು. ಅಷ್ಟು ಕಷ್ಟಪಟ್ಟು ಮಾಡುವವರ ಶ್ರದ್ಧೆಯನ್ನು ನಾನು ಹಗುರವಾಗಿ ಕಾಣಲಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 74,000 ಜನ ತಮ್ಮನ್ನು ಕ್ರೈಸ್ತಪೂರ್ವ ಪಂಥದವರೆಂದು ಬರೆಸಿಕೊಂಡರು. ಅವರಲ್ಲಿ ಆಂಗ್ಲೋ ಸ್ಯಾಕ್ಸನ್ ಹಾದಿಯವರು ಸಣ್ಣ ಪಾಲು. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಶುರುವಾದ ಇಂಥದೇ ಸಂಘಕ್ಕೆ ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು. ನಾಲ್ಕು ಲಕ್ಷದೊಳಗಿನ ಜನಸಂಖ್ಯೆಯ ಆ ದೇಶದಲ್ಲಿ ಅದರ ಸದಸ್ಯರು ಐದು ಸಾವಿರ ದಾಟಿದ್ದಾರೆ.

ಈ ಹಾದಿಯಲ್ಲಿ ಒಂದು ಆಳವಾದ ಬಿರುಕೂ ಇದೆ. ಹಳೆಯ ದೇವರುಗಳು ಯಾರ ದೇವರು? ಆ ರಕ್ತದಲ್ಲಿ ಹುಟ್ಟಿದವರಿಗೆ ಮಾತ್ರ ಎನ್ನುವ ಗುಂಪುಗಳಿವೆ, ಕರೆದವರಿಗೆಲ್ಲ ಎನ್ನುವ ಗುಂಪುಗಳೂ ಇವೆ. ಜರ್ಮನಿಯಲ್ಲಿ ನಾಜಿಗಳು ಹಳೆಯ ಜರ್ಮನಿಕ್ ಸಂಕೇತಗಳನ್ನು ಎತ್ತಿಕೊಂಡು ಮಾಡಿದ ಅನಾಹುತದ ನೆನಪು ಇನ್ನೂ ಹಸಿಯಾಗಿದೆ. ಹಿಂದಿನದನ್ನು ತರುತ್ತೇವೆ ಎಂದು ಹೊರಟವರು ಹಿಂದಿನ ಮೇಲು ಕೀಳನ್ನೂ ಜನಾಂಗದ ಹೆಮ್ಮೆಯನ್ನೂ ತಂದುಬಿಡುವ ಅಪಾಯ ಇಲ್ಲಿ ಸದಾ ಉಂಟು. ಕಡಿದ ಧರ್ಮವನ್ನು ಕಟ್ಟುವವರನ್ನು ಅಳೆಯಬೇಕಾದ್ದು ಅವರ ಹತ್ತಿರ ಎಷ್ಟು ಹಳೆಯ ಆಧಾರವಿದೆ ಎಂಬುದರಿಂದಲ್ಲ, ಅವರು ಬಾಗಿಲನ್ನು ಯಾರಿಗೆ ತೆರೆಯುತ್ತಾರೆ ಎಂಬುದರಿಂದ. ಈ ಅಳತೆಗೋಲು ಹಿಡಿದೇ ನಾನು ಮಸ್ಕಿಯ ಕಡೆ ಬರುತ್ತೇನೆ.

1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಶಾಸನ ಬಿತ್ತು. ಈ ಸೀಮೆ ಹಿಂದಿನಿಂದಲೂ ಚಿನ್ನದ ಸೀಮೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆದಿದೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಪ್ರಕಟಿಸಿದರು. ಅದರ ಮಹತ್ವ ಅರಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಉತ್ತರದ ಬಂಡೆ ಕಂಬಗಳಲ್ಲೆಲ್ಲ ಸಿಕ್ಕಿದ್ದು ದೇವಾನಾಂಪಿಯ ಪಿಯದಸಿ ಎಂಬ ಬಿರುದು ಮಾತ್ರ. ಅವನೇ ಅಶೋಕನೆಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಬಂಡೆಯೇ ಆ ಹೆಸರು ಹೇಳಿದ್ದು ಮೊದಲು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಸಿಂಧನೂರಿನ ನೆರೆಯ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೆಗೊಳಗಳಲ್ಲಿಯೂ ಅಶೋಕನ ಹೆಸರು ಸಿಕ್ಕಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಶಾಸನಗಳು ಕಂಡವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲೇ ಅಶೋಕನ ಶಾಸನಗಳನ್ನು ಗುರುತಿಸಿದ್ದರು. ಅಶೋಕನ ಶಾಸನಗಳು ಇಷ್ಟು ದಟ್ಟವಾಗಿ ಸಿಕ್ಕ ಸೀಮೆಗಳು ದೇಶದಲ್ಲಿ ಕಡಿಮೆ.

ಮಸ್ಕಿಯ ಶಾಸನ ಹೇಳುವುದು ಏನು? ತಾನು ಬುದ್ಧನ ಒಕ್ಕಲಾಗಿ ಎರಡೂವರೆ ವರ್ಷ ಮೀರಿತು, ಮೊದಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎಂದು ಅರಸನೇ ಒಪ್ಪಿಕೊಳ್ಳುತ್ತಾನೆ. ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ ಎನ್ನುತ್ತಾನೆ. ಇದು ದೊಡ್ಡವರಿಗೆ ಮಾತ್ರ ದಕ್ಕುವ ಫಲವೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಎಟಕುತ್ತದೆ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂದು ಆಜ್ಞೆ ಮಾಡುತ್ತಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯ ಬಂಡೆಗೆ ಇಳಿದ ಮಾತು ಇದು. ಇದನ್ನು ಓದುವಾಗ ಇದೇ ಸೀಮೆಯ ಊರ ಹೊರಗಿನ ಕೇರಿಗಳನ್ನು ನೆನೆಯದೆ ಇರಲು ನನಗೆ ಸಾಧ್ಯವಾಗಿಲ್ಲ.

ಬುದ್ಧನ ಮಾತು ಕನ್ನಡ ನೆಲದಲ್ಲಿ ಒಂದೆರಡು ತಲೆಮಾರು ಇದ್ದು ಹೋದದ್ದಲ್ಲ. ಸಿಂಹಳದ ಮಹಾವಂಶ ವನವಾಸಕ್ಕೂ ಮಹಿಷಮಂಡಲಕ್ಕೂ ಥೇರರನ್ನು ಕಳಿಸಿದ್ದನ್ನು ಹೇಳುತ್ತದೆ. ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ಭಾರೀ ಸ್ತೂಪವೇ ಹೊರಬಂತು. ಅದರ ಒಂದು ಫಲಕದಲ್ಲಿ ಅರಸ ಅಶೋಕನೆಂದು ಹೆಸರು ಬರೆದ ಶಿಲ್ಪವೂ ಇದೆ. ಐಹೊಳೆಯ ಮೇಗುತಿ ಗುಡ್ಡದಲ್ಲಿ ಬೌದ್ಧ ಗುಡಿಯಿದೆ. ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಆಳುಪ ಅರಸ ಕುಂದವರ್ಮ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದ. ಬಳ್ಳಿಗಾವೆಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ. 1095ರ ಡಂಬಳದ ಶಾಸನದಲ್ಲಿ ಸೆಟ್ಟಿಗಳು ತಾರಾದೇವಿಗೂ ವಿಹಾರಕ್ಕೂ ದತ್ತಿ ಬಿಡುತ್ತಾರೆ. ಆಮೇಲೆ ದೀಪಗಳು ಬೇಗ ಬೇಗ ಆರಿದವು. ವಿಹಾರಕ್ಕೆ ಎಣ್ಣೆ ಹಾಕುತ್ತಿದ್ದವರು ಅರಸರು ಮತ್ತು ವರ್ತಕರು. ಅವರ ಒಲವು ಬೇರೆ ಕಡೆ ಹರಿಯಿತು. ಮನೆಯ ಹುಟ್ಟು, ಮದುವೆ, ಸಾವುಗಳನ್ನು ನಡೆಸಿಕೊಡುವ ಬೌದ್ಧ ಗೃಹಸ್ಥ ಪದ್ಧತಿ ಹಳ್ಳಿಗಳಲ್ಲಿ ಬೇರೂರಿರಲಿಲ್ಲ ಎಂಬುದೇ ನನಗೆ ತೋರುವ ದೊಡ್ಡ ಕಾರಣ. ಭಿಕ್ಷುಗಳು ಹೋದ ಮೇಲೆ ಧರ್ಮವನ್ನು ಹಿಡಿದಿಡುವ ಒಲೆ ಯಾವ ಮನೆಯಲ್ಲೂ ಇರಲಿಲ್ಲ.

ಸನ್ನತಿಯ ಇನ್ನೊಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗಲಾಗದು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಎತ್ತಿ ನೋಡಿದರೆ ಅದರ ಪೀಠವೇ ಅಶೋಕನ ಶಾಸನದ ಚಪ್ಪಡಿ. ಅದರಲ್ಲಿದ್ದುದು ಬೇರೆಯವರ ಪಂಥಗಳನ್ನೂ ಗೌರವಿಸಬೇಕು, ತನ್ನದನ್ನು ಹೊಗಳುವ ಭರದಲ್ಲಿ ಇನ್ನೊಬ್ಬರದನ್ನು ಹಳಿದರೆ ತನ್ನದಕ್ಕೇ ಕೇಡು ಎಂದು ಸಾರುವ ಹನ್ನೆರಡನೆಯ ಶಾಸನ. ಚಪ್ಪಡಿಯ ನಡುವೆ ಮೂರ್ತಿ ಕೂಡಿಸಲು ತೂತು ಕೊರೆದು ಕೆಲವು ಅಕ್ಷರಗಳು ಹಾಳಾಗಿವೆ. ಆದರೂ ದೇವಿಯ ಪಾದದ ಕೆಳಗೆ ಇದ್ದುದರಿಂದಲೇ ಅದು ಉಳಿಯಿತು. ಯಾರೂ ಬೇಕೆಂದು ಅವಮಾನಿಸಿ ಅಲ್ಲಿಟ್ಟದ್ದೆಂದು ನಾನು ನಂಬುವುದಿಲ್ಲ. ಓದಲು ಬಾರದ ಕಾಲಕ್ಕೆ ಒಳ್ಳೆಯ ಕಲ್ಲು ಒಳ್ಳೆಯ ಕಲ್ಲಷ್ಟೆ.

ಹೀಗೆ ಮರೆತ ಧರ್ಮ ಕನ್ನಡ ನಾಡಿಗೆ ಮರಳಿದ ಮೊದಲ ಜಾಗವೂ ಚಿನ್ನದ ನೆಲವೇ. ಕೋಲಾರದ ಚಿನ್ನದ ಗಣಿಗಳಿಗೆ ಕೂಲಿಗೆ ಬಂದ ತಮಿಳು ದಲಿತರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘಗಳನ್ನು ಕಟ್ಟಿಕೊಂಡರು. ಅವರಿಗೆ ದಾರಿ ತೋರಿದವರು ಪಂಡಿತ ಅಯೋತ್ತಿ ದಾಸರು. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಅವರು, ಅಸ್ಪೃಶ್ಯರೆನಿಸಿಕೊಂಡವರು ಹಿಂದೆ ಬೌದ್ಧರೇ ಆಗಿದ್ದರು, ಆ ಧರ್ಮ ಬಿಡದೆ ನಿಂತದ್ದಕ್ಕೆ ಅವರನ್ನು ಕೀಳು ಮಾಡಲಾಯಿತು ಎಂದು ವಾದಿಸಿದರು. ಇತಿಹಾಸದ ಕಟಕಟೆಯಲ್ಲಿ ಈ ವಾದದ ಪ್ರತಿ ಮಾತೂ ನಿಲ್ಲುವುದಿಲ್ಲ. ಆದರೆ ಪಾತಾಳದಂಥ ಗಣಿಯೊಳಗೆ ಇಳಿದು ಬೆವರಿಳಿಸಿ, ಮೇಲೆ ಬಂದರೆ ಬೇರೆ ಲೋಟದಲ್ಲಿ ನೀರು ಕುಡಿಯಬೇಕಾದವನಿಗೆ ನಿನ್ನ ಹಿಂದೆ ಒಂದು ದೊಡ್ಡ ಧರ್ಮವಿದೆ ಎಂದು ಹೇಳಿದ ಮಾತಿನ ಬಲ ಬೇರೆಯೇ. ಅಂಬೇಡ್ಕರ್ ಅವರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ರಾಜ್ಯದ ನೆಲದಲ್ಲಿ ಕೂಲಿಕಾರರು ಬುದ್ಧನ ಕಡೆ ತಿರುಗಿದ್ದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ದೊಡ್ಡದಾಗಿ ಹೇಳಬೇಕಿತ್ತು.

ಓದುವ ಕನ್ನಡಿಗರಿಗೆ ಬುದ್ಧ ಬಂದದ್ದು ಸಾಹಿತ್ಯದ ಬಾಗಿಲಿನಿಂದ. ಮಂಜೇಶ್ವರದ ಗೋವಿಂದ ಪೈಗಳು ವೈಶಾಖಿ ಬರೆದರು, ಕುವೆಂಪು ಮಹಾರಾತ್ರಿ ನಾಟಕ ಬರೆದರು, ಮಾಸ್ತಿಯವರು ಯಶೋಧರಾ ಬರೆದರು, ಜಿ. ಪಿ. ರಾಜರತ್ನಂ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತರುವುದನ್ನೇ ಒಂದು ವ್ರತ ಮಾಡಿಕೊಂಡರು. ಈ ಬುದ್ಧ ಕರುಣೆಯ ಮೂರ್ತಿ, ಕಾವ್ಯದ ನಾಯಕ. ಅವನನ್ನು ಓದಿ ಕಣ್ಣು ತುಂಬಿಕೊಂಡವರು ಜಾತಿ ಬಿಡಲಿಲ್ಲ. ಇದು ದೂರಲ್ಲ, ಓದಿನಿಂದ ಆಗುವುದಕ್ಕೆ ಒಂದು ಮಿತಿಯಿದೆ ಎಂಬುದಕ್ಕೆ ಸಾಕ್ಷಿ.

1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯಲಾರೆ ಎಂದು ಸಾರಿದ ಡಾ. ಬಿ. ಆರ್. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದರು. ಅದಾಗಿ ಹದಿನೆಂಟನೆಯ ದಿನ, ನವೆಂಬರ್ 1ರಂದು, ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಮುದಗಲ್ಲೂ ಔರಂಗಾಬಾದೂ ಒಂದೇ ರಾಜ್ಯದ ಊರುಗಳು. ಮರಾಠವಾಡದಲ್ಲಿ ದೀಕ್ಷೆ ಹಳ್ಳಿಹಳ್ಳಿಗೆ ಹಬ್ಬಿತು, ನಮ್ಮ ಕಡೆ ಹಾಗೆ ಹಬ್ಬಲಿಲ್ಲ. ಅಂಬೇಡ್ಕರ್ ಅವರ ಮರಾಠಿ ಮಾತು, ಪತ್ರಿಕೆ, ಹಾಡು ಮಹಾರ್ ಸಮುದಾಯದ ಮನೆಮನೆಯನ್ನು ಮುಟ್ಟಿದ್ದವು. ಛಲವಾದಿ ಮತ್ತು ಮಾದಿಗ ಕೇರಿಗಳಿಗೆ ಅವು ಕನ್ನಡದಲ್ಲಿ ಬರಲು ಎರಡು ದಶಕ ಬೇಕಾಯಿತು. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಬಾಬಾಸಾಹೇಬರ ಪಟ ಕೇರಿಯ ಗೋಡೆಗೆ ಬಂತು. ಪಟದ ಹಿಂದೆ ಬುದ್ಧನೂ ಬಂದ.

ಆ ಬುದ್ಧ ಯಾವ ಬುದ್ಧ? ಇಲ್ಲಿ ಪಂಡಿತರ ತಕರಾರು ಎದ್ದು ನಿಲ್ಲುತ್ತದೆ. ಅಂಬೇಡ್ಕರ್ ತೀರಿಕೊಂಡ ಮರುವರ್ಷ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ' ಕೃತಿಯ ಪೀಠಿಕೆಯಲ್ಲೇ ಅವರು ಸಾಂಪ್ರದಾಯಿಕ ಬೌದ್ಧ ಧರ್ಮವನ್ನು ಪ್ರಶ್ನಿಸುತ್ತಾರೆ. ಶವ, ರೋಗಿ, ಮುದುಕರನ್ನು ನೋಡಿ ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಒಪ್ಪುವುದಿಲ್ಲ. ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಬೋಧನೆಯೇ ಎಂದು ಕೇಳುತ್ತಾರೆ. ಆತ್ಮವಿಲ್ಲವೆಂದ ಮೇಲೆ ಕರ್ಮ ಪುನರ್ಜನ್ಮಗಳು ಹೇಗೆ ಎಂದು ಕೇಳುತ್ತಾರೆ. ಭಿಕ್ಷು ತನ್ನ ಬಿಡುಗಡೆಗಾಗಿ ಇರುವವನೋ ಜನಸೇವೆಗೋ ಎಂದು ಕೇಳುತ್ತಾರೆ. ತಾವು ಕೊಟ್ಟದ್ದು ಹಳೆಯ ಹೀನಯಾನವೂ ಅಲ್ಲ ಮಹಾಯಾನವೂ ಅಲ್ಲ, ನವಯಾನ ಎಂದು ಬಾಯಿಬಿಟ್ಟೇ ಹೇಳಿದರು. ಇದು ಬೌದ್ಧ ಧರ್ಮವೇ ಅಲ್ಲ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಅಂಬೇಡ್ಕರ್ ಅವರ ಹಿರಿಮೆ ಇರುವುದು ಇಲ್ಲಿಯೇ. ಹೊಸದನ್ನು ಹಳೆಯದೆಂದು ಹೇಳಿ ಒಪ್ಪಿಸುವುದು ಸುಲಭ. ಕಡಿದ ಧರ್ಮಗಳ ಮರುಹುಟ್ಟಿನಲ್ಲಿ ಅನೇಕರು ಮಾಡಿದ್ದು ಅದನ್ನೇ. ಅಂಬೇಡ್ಕರ್ ಆಧಾರಗಳನ್ನು ಓದಿದರು, ಯಾವುದು ಬೇಡವೋ ಅದನ್ನು ಬೇಡವೆಂದರು, ತಮ್ಮ ಕಾಲದ ತಮ್ಮ ಜನರ ಅಗತ್ಯಕ್ಕೆ ಧರ್ಮವನ್ನು ಹೊಸದಾಗಿ ಕಟ್ಟಿದರು, ಹಾಗೆ ಕಟ್ಟುತ್ತಿದ್ದೇನೆಂದು ಹೇಳಿಯೇ ಕಟ್ಟಿದರು.

ಈ ಧಾರೆಯ ಪಕ್ಕದಲ್ಲಿ ಕರ್ನಾಟಕಕ್ಕೆ ಇನ್ನೆರಡು ಧಾರೆ ಬಂದಿವೆ. ಒಂದು, 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನ ಗಾಂಧಿನಗರದಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಯ ಥೇರವಾದ. ಇನ್ನೊಂದು, 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡಗಳಲ್ಲಿ ನೆಲೆಯೂರಿದ ಟಿಬೆಟನ್ನರ ಧರ್ಮ. ಟಿಬೆಟನ್ನರದು ಎಲ್ಲೂ ಕಡಿಯದ ಪರಂಪರೆ. ಅವರು ಹೊತ್ತು ತಂದದ್ದೇ ಹೊರತು ಇಲ್ಲಿ ಅಗೆದು ತೆಗೆದದ್ದಲ್ಲ. ನಮ್ಮ ಕೇರಿಯ ಬೌದ್ಧರಿಗೂ ಅವರಿಗೂ ಮಾತುಕತೆ ಇನ್ನೂ ಹೆಚ್ಚಬೇಕು. ಕಲ್ಯಾಣ ಕರ್ನಾಟಕದಲ್ಲಿ ಕಣ್ಣಿಗೆ ಕಟ್ಟುವ ಗುರುತೆಂದರೆ ಕಲಬುರಗಿಯ ಬುದ್ಧ ವಿಹಾರ. 2009ರ ಜನವರಿಯಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಅದನ್ನು ಉದ್ಘಾಟಿಸಿದರು. ಸನ್ನತಿ ಇರುವುದೂ ಅದೇ ಜಿಲ್ಲೆಯಲ್ಲಿ.

ಹತ್ತಿರದ ಇನ್ನೊಂದು ಚಳವಳಿಯನ್ನು ಇದರೊಡನೆ ಬೆರೆಸಬಾರದು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಿದ ಮೇಲೆ ಲಿಂಗಾಯತರು ತಮ್ಮನ್ನು ಮತ್ತೆ ಓದಿಕೊಂಡರು. 2018ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡುವವರೆಗೂ ಆ ಓದು ಬಂತು. ಆದರೆ ಅಲ್ಲಿ ಮಠಗಳಿದ್ದವು, ಕೊರಳಲ್ಲಿ ಲಿಂಗವಿತ್ತು, ಮನೆಯಲ್ಲಿ ಪದ್ಧತಿಯಿತ್ತು. ಇರುವುದನ್ನು ತಿದ್ದಿಕೊಳ್ಳುವುದು ಬೇರೆ, ಇಲ್ಲದ್ದನ್ನು ತರುವುದು ಬೇರೆ.

ಇಲ್ಲದ್ದನ್ನು ತರುವವರ ನಿಜವಾದ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ನಾಗಪುರದ ಇಪ್ಪತ್ತೆರಡು ಪ್ರತಿಜ್ಞೆಗಳು ಹಳೆಯ ದೇವರುಗಳನ್ನು ಪೂಜಿಸುವುದಿಲ್ಲ ಎನ್ನುತ್ತವೆ. ಆದರೆ ಮನೆಯ ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಿರುತ್ತಾಳೆ, ಊರ ದ್ಯಾಮವ್ವನ ಜಾತ್ರೆಗೆ ಬೀಗರು ಬಂದಿರುತ್ತಾರೆ, ಅಲಾಯಿ ಹಬ್ಬಕ್ಕೆ ಮಗ ಲಾಡಿ ಹಾಕಿಕೊಳ್ಳುತ್ತಾನೆ. ದೇವರ ಜಗಲಿಯಲ್ಲಿ ಬುದ್ಧ, ಬಾಬಾಸಾಹೇಬರ ಪಟದ ಪಕ್ಕ ಅಮ್ಮನ ಪಟವೂ ಇರುವ ಮನೆಗಳೇ ನಮ್ಮ ಸೀಮೆಯಲ್ಲಿ ಹೆಚ್ಚು. ಇದನ್ನು ಕಂಡು ಅಪ್ಪಟತನದ ಹೆಸರಿನಲ್ಲಿ ಸಿಡುಕುವ ಕಾರ್ಯಕರ್ತರಿದ್ದಾರೆ. ದೇವದಾಸಿ ಬಿಡುವಂಥ, ಬೆತ್ತಲೆ ಸೇವೆಯಂಥ ಪದ್ಧತಿಗಳನ್ನು ಅವರು ಎದುರಿಸಿದ್ದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವ್ವನ ಹರಕೆಯನ್ನೆಲ್ಲ ಮೂಢತನವೆಂದು ತಳ್ಳಿದರೆ ಧರ್ಮ ಗಂಡಸರ ಸಭೆಯಲ್ಲೇ ಉಳಿದುಬಿಡುತ್ತದೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ವಿಹಾರಗಳಿಗೆ ಆದದ್ದೂ ಹೆಚ್ಚುಕಡಿಮೆ ಅದೇ. ತ್ರಿಶರಣ, ಪಂಚಶೀಲ ಹೇಳಿ ಮದುವೆ ಮಾಡಿಸುವ, ತೊಟ್ಟಿಲಿಗೂ ಸಾವಿಗೂ ಬಂದು ನಿಲ್ಲುವ ಉಪಾಸಕ ಉಪಾಸಿಕೆಯರು ಹಳ್ಳಿಗೊಬ್ಬರಾದರೂ ಬೇಕು. ಬುದ್ಧ ಪೂರ್ಣಿಮೆಯ ಪಾಯಸ ಮನೆಯ ಒಲೆಯ ಮೇಲೆ ಬೇಯಬೇಕು. ಇಂಥ ಮನೆಗಳು ಹೆಚ್ಚಾಗುತ್ತಿವೆ, ಆದರೆ ನಿಧಾನವಾಗಿ.

ಲೆಕ್ಕದ ಪುಸ್ತಕ ಇನ್ನೊಂದು ಕಥೆ ಹೇಳುತ್ತದೆ. 2001ರ ಜನಗಣತಿಯಲ್ಲಿ ಕರ್ನಾಟಕದ ಬೌದ್ಧರು 3,93,300. 2011ರಲ್ಲಿ 95,710. ಹತ್ತು ವರ್ಷದಲ್ಲಿ ವಿಹಾರಗಳು ಹೆಚ್ಚಿದವು, ಧಮ್ಮ ದೀಕ್ಷೆಯ ಸಮಾರಂಭಗಳು ಹೆಚ್ಚಿದವು, ಲೆಕ್ಕ ಮಾತ್ರ ಕಾಲುಭಾಗಕ್ಕೆ ಇಳಿಯಿತು. ನೆರೆಯ ಮಹಾರಾಷ್ಟ್ರದಲ್ಲಿ 2011ರಲ್ಲಿ 65 ಲಕ್ಷ ಬೌದ್ಧರಿದ್ದರು. ಧರ್ಮದ ಕಾಲಂನಲ್ಲಿ ಬೌದ್ಧ ಎಂದು ಬರೆಸಿದರೆ ಪರಿಶಿಷ್ಟ ಜಾತಿಯ ಸೌಲಭ್ಯ ಹೋಗುತ್ತದೆ ಎಂಬ ಭಯ ಇಂದಿಗೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತ್ತು, 1956ರಲ್ಲಿ ಸಿಖ್ಖರನ್ನು ಸೇರಿಸಿದರು, ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷವಾದರೂ ಈ ಸರಳ ಸಂಗತಿ ಕೇರಿಗೆ ಮುಟ್ಟಿಲ್ಲವೆಂದರೆ ತಪ್ಪು ಕೇರಿಯದಲ್ಲ.

ಹಾಗಾದರೆ ಅಳಿದ ಧರ್ಮಕ್ಕೆ ಮರುಹುಟ್ಟು ಉಂಟೆ? ಅಳಿದದ್ದೇ ಹಾಗೇ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ವೋಡೆನನ ಹಳೆಯ ಗುಡಿ ಬರಲಿಲ್ಲ, ಕನ್ನಡ ನಾಡಿನಲ್ಲಿ ಬಳ್ಳಿಗಾವೆಯ ವಿಹಾರ ಬರಲಿಲ್ಲ. ಬರುವುದು ಇಂದಿನ ಜನ ತಮ್ಮ ಅಗತ್ಯಕ್ಕೆ ಕಟ್ಟಿಕೊಂಡದ್ದು. ಎರಡು ಕಡೆಯ ಕಟ್ಟುವಿಕೆಯೂ ಪುಸ್ತಕದಿಂದ, ಕಲ್ಲಿನಿಂದ ಶುರುವಾಯಿತು. ಅಲ್ಲಿಯದು ಬಹುಮಟ್ಟಿಗೆ ಬೇರು ಕಳೆದುಕೊಂಡೆವೆಂಬ ಕೊರಗಿನಿಂದ ಹುಟ್ಟಿತು; ಇಲ್ಲಿಯದು ಮನುಷ್ಯರೆನಿಸಿಕೊಳ್ಳಬೇಕೆಂಬ ಹಟದಿಂದ ಹುಟ್ಟಿತು. ಅಲ್ಲಿ ಬಾಗಿಲು ಯಾರಿಗೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಲ್ಲಿ ಆ ಜಗಳಕ್ಕೆ ಮಸ್ಕಿಯ ಬಂಡೆಯೇ ತೀರ್ಪು ಕೊಟ್ಟಿದೆ, ಸಣ್ಣವರಿಗೂ ದೊಡ್ಡವರಿಗೂ ಎಂದು. ಅದಕ್ಕಾಗಿಯೇ ಕನ್ನಡ ನೆಲದ ಈ ಮರುಹುಟ್ಟನ್ನು ನಾನು ಹೆಚ್ಚು ಗಟ್ಟಿಯಾದುದೆಂದು ನಂಬುತ್ತೇನೆ.

ಮುದಗಲ್, ಲಿಂಗಸುಗೂರು, ಸಿಂಧನೂರಿನ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಒಂದಿದೆ. ಮಕ್ಕಳನ್ನು ದೂರದ ಊರುಗಳಿಗೆ ಪ್ರವಾಸ ಕರೆದೊಯ್ಯುವ ಮುಂಚೆ ಮಸ್ಕಿಗೆ ಕರೆತನ್ನಿ. ಶಾಸನದ ಕನ್ನಡ ಅರ್ಥವನ್ನು ಅಲ್ಲೇ ನಿಂತು ಅವರಿಂದ ಗಟ್ಟಿಯಾಗಿ ಓದಿಸಿ. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರಿಗೂ ಒಂದು ಮಾತು: 2027ರ ಜನಗಣತಿಗೆ ಗಣತಿದಾರರು ಬಾಗಿಲಿಗೆ ಬಂದಾಗ ಧರ್ಮದ ಕಾಲಂನಲ್ಲಿ ನೀವು ನಂಬಿದ್ದನ್ನೇ ಹೇಳಿ, ಅವರು ಅದನ್ನೇ ಬರೆದುಕೊಂಡರೇ ಎಂದು ನೋಡಿ. ಬೌದ್ಧ ಎಂದು ಬರೆಸಿದ ಮಾತ್ರಕ್ಕೆ ಪರಿಶಿಷ್ಟ ಜಾತಿಯ ಸ್ಥಾನ ಹೋಗುವುದಿಲ್ಲ.